ಸರ್ಪಸುತ್ತು ಒಣಗಿದೆ, ಉರಿ ಮಾತ್ರ ಹೋಗಿಲ್ಲ

ಪ್ರಶ್ನೆ: ಡಾಕ್ಟ್ರೇ, ನನಗೆ 67 ವರ್ಷ. ಕೊಡಗಿನ ನಾಪೋಕ್ಲು ಹತ್ತಿರ ಸ್ವಲ್ಪ ಕಾಫಿ, ಕರಿಮೆಣಸಿನ ತೋಟ ಇದೆ. ಜನವರಿಯಲ್ಲಿ ಕಾಫಿ ಕೊಯ್ಲು ನಡೆಯುತ್ತಿದ್ದಾಗ ಎದೆಯ ಬಲಭಾಗದಿಂದ ಬೆನ್ನಿನವರೆಗೆ ಸರ್ಪಸುತ್ತು ಎದ್ದಿತು. ಕೆಲಸದ ಗಡಿಬಿಡಿಯಲ್ಲಿ ಒಂದು ವಾರ ನಾಟಿ ಲೇಪ ಹಚ್ಚಿಸಿಕೊಂಡೆ, ಆಮೇಲೆ ಆಸ್ಪತ್ರೆಗೆ ಹೋದೆ. ಗುಳ್ಳೆ ಒಣಗಿ ನಾಲ್ಕು ತಿಂಗಳ ಮೇಲಾಯಿತು. ಈಗ ಕಲೆ ಬಿಟ್ಟರೆ ಏನೂ ಕಾಣುವುದಿಲ್ಲ. ಆದರೆ ಉರಿ, ಚುಚ್ಚು, ಕರೆಂಟ್ ಹೊಡೆದ ಹಾಗೆ ಆಗುವುದು ನಿಂತಿಲ್ಲ. ಸ್ವೆಟರ್ ತಾಗಿದರೆ ಜೀವ ಹೋದ ಹಾಗೆ ಆಗುತ್ತದೆ. ಮಳೆ ಬೇರೆ ಶುರುವಾಗಿದೆ, ಸ್ವೆಟರ್ ಇಲ್ಲದೆ ಇರುವುದು ಹೇಗೆ? ಗ್ಯಾಬಪೆಂಟಿನ್ 300ರ ಮಾತ್ರೆ ದಿನಕ್ಕೆ ಮೂರು ಕೊಟ್ಟಿದ್ದರು. ತಲೆ ತಿರುಗಿತು, ನೋವೂ ಕಮ್ಮಿ ಆಗಲಿಲ್ಲ. ಐದು ದಿನಕ್ಕೆ ಬಿಟ್ಟೆ. ಈಗ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುತ್ತಿದ್ದೇನೆ. ಎಕ್ಸ್‌ರೇ, ಸ್ಕ್ಯಾನ್ ಎಲ್ಲ ಸರಿಯಾಗಿವೆ. ಮಗ 'ಅಪ್ಪ, ಇದು ನಿಮ್ಮ ಮನಸ್ಸಿನದು' ಅನ್ನುತ್ತಾನೆ. ಹೆಂಡತಿ ಕುಕ್ಕೆಗೆ ಹೋಗಿ ಬರೋಣ ಅನ್ನುತ್ತಾಳೆ. ಲಸಿಕೆ ಇದೆಯಂತೆ, ಅದನ್ನು ಹಾಕಿಸಿಕೊಂಡರೆ ಹೋಗುತ್ತದೆಯೇ? ಮುಂದಿನ ತಿಂಗಳು ಬೆಂಗಳೂರಿನಿಂದ ಮೊಮ್ಮಗಳು ಬರುತ್ತಾಳೆ. ಎರಡು ವರ್ಷದ ಮಗು. ಎತ್ತಿಕೊಳ್ಳಬಹುದೇ?

ಉತ್ತರ: ನಮಸ್ಕಾರ. ಮೊದಲು ನಿಮ್ಮ ಮಗನಿಗೆ ಉತ್ತರ ಹೇಳಿಬಿಡುತ್ತೇನೆ. ಅವರಿಗೂ ಇದನ್ನು ಓದಿಸಿ. ಈ ನೋವು ನಿಜವಾದದ್ದು. ಅದು ಹುಟ್ಟುವ ಜಾಗ ಗೊತ್ತಿದೆ, ಕಾರಣ ಗೊತ್ತಿದೆ, ಅದಕ್ಕೊಂದು ಹೆಸರೂ ಇದೆ: ಪೋಸ್ಟ್ ಹರ್ಪೆಟಿಕ್ ನ್ಯೂರಾಲ್ಜಿಯಾ. ಸರ್ಪಸುತ್ತು ಎದ್ದು ಮೂರು ತಿಂಗಳು ಕಳೆದ ಮೇಲೂ ನೋವು ಉಳಿದರೆ ನಾವು ಹಾಗೆ ಕರೆಯುತ್ತೇವೆ. ಸರ್ಪಸುತ್ತು ಬಂದ 100 ಜನರಲ್ಲಿ ಸುಮಾರು 10ರಿಂದ 18 ಜನರಿಗೆ ಹೀಗಾಗುತ್ತದೆ. ವಯಸ್ಸು 60 ದಾಟಿದವರಲ್ಲಿ ಇನ್ನೂ ಜಾಸ್ತಿ. ಎಕ್ಸ್‌ರೇ, ಸ್ಕ್ಯಾನ್ ಸರಿಯಾಗಿಯೇ ಇರುತ್ತವೆ, ಯಾಕೆಂದರೆ ಕೆಟ್ಟಿರುವುದು ಎಲುಬೂ ಅಲ್ಲ, ಶ್ವಾಸಕೋಶವೂ ಅಲ್ಲ. ಚರ್ಮದಿಂದ ಸುದ್ದಿ ಹೊತ್ತು ತರುವ ಒಂದು ಸಣ್ಣ ನರ ಕೆಟ್ಟಿದೆ. ಅದು ಯಾವ ಫಿಲ್ಮಿನಲ್ಲೂ ಕಾಣುವುದಿಲ್ಲ.

ಆದರೆ ಒಂದು ಚೂರು ಹತ್ತಿಯಲ್ಲಿ ಕಾಣುತ್ತದೆ. ಈ ನೋವಿನವರು ಬಂದರೆ ನಾನು ಹತ್ತಿಯ ತುದಿಯನ್ನು ಎಳೆದು ತೆಳ್ಳಗೆ ಮಾಡಿ, ಕಲೆ ಇರುವ ಜಾಗದ ಮೇಲೆ ಮೆಲ್ಲಗೆ ಸವರುತ್ತೇನೆ. ಹತ್ತಿ ತಾಗಿದರೆ ಯಾರಿಗಾದರೂ ನೋವಾಗುತ್ತದೆಯೇ? ಇವರಿಗೆ ಆಗುತ್ತದೆ. ಮೈ ಒಮ್ಮೆಲೇ ಹಿಂದಕ್ಕೆ ಸರಿಯುತ್ತದೆ. ಅಲ್ಲಿಂದ ಎರಡು ಬೆರಳು ದೂರದಲ್ಲಿ ಪಿನ್ನಿನ ಮೊನೆ ಒತ್ತಿದರೆ ಕೆಲವರಿಗೆ ಗೊತ್ತೇ ಆಗುವುದಿಲ್ಲ. ಒಂದೇ ಪಟ್ಟಿಯಲ್ಲಿ ಒಂದು ಕಡೆ ಮರಗಟ್ಟಿದೆ, ಇನ್ನೊಂದು ಕಡೆ ಗಾಳಿ ಸೋಕಿದರೂ ಉರಿ. ಇದನ್ನು ಯಾರೂ ಮನಸ್ಸಿನಿಂದ ಹುಟ್ಟಿಸಿಕೊಳ್ಳಲು ಆಗುವುದಿಲ್ಲ.

ನಾನು ಕೊಡಗಿನಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಭಾಗಮಂಡಲ ಕಡೆಯ ಒಬ್ಬ ಅಜ್ಜಿ ಬರುತ್ತಿದ್ದರು. ಎಡ ಎದೆಯ ಕೆಳಗೆ ಸರ್ಪಸುತ್ತು ಆಗಿ ವಾಸಿಯಾಗಿತ್ತು. ಬಸ್ಸಿನಲ್ಲಿ ಮಡಿಕೇರಿಯವರೆಗೆ ಸೆರಗನ್ನು ಎರಡು ಬೆರಳಿನಲ್ಲಿ ಮೈಯಿಂದ ದೂರ ಎತ್ತಿ ಹಿಡಿದುಕೊಂಡೇ ಬರುತ್ತಿದ್ದರು. ನನ್ನೆದುರು ಕೂತಾಗಲೂ ಆ ಎರಡು ಬೆರಳು ಬಿಡುತ್ತಿರಲಿಲ್ಲ. ನಾನು ಅವರಿಗೆ ಎರಡು ಸಲ ಮೈಕೈ ನೋವಿನ ಮಾತ್ರೆ ಬರೆದುಕೊಟ್ಟು ಕಳಿಸಿದೆ. ಮೂರನೇ ಸಲ ಬಂದಾಗ ಹಿರಿಯ ಡಾಕ್ಟರೊಬ್ಬರು ಪಕ್ಕದಲ್ಲಿದ್ದರು. ಅವರು ಕೇಳಿದ್ದು ಒಂದೇ ಮಾತು: 'ಸೆರಗು ಬಿಟ್ಟರೆ ಏನಾಗುತ್ತದೆ ಅಜ್ಜಿ?' ಅಜ್ಜಿಗೆ ಅಳು ಬಂತು. ಅಷ್ಟು ದಿನ ಅದನ್ನು ಯಾರೂ ಕೇಳಿರಲಿಲ್ಲ. ಬೆರಳು ನನ್ನ ಕಣ್ಣೆದುರೇ ಇತ್ತು, ನಾನು ನೋಡಿರಲಿಲ್ಲ. ಆ ದಿನದಿಂದ ಈ ನೋವಿನ ವಿಷಯದಲ್ಲಿ ನಾನು ಆತುರ ಪಡುವುದಿಲ್ಲ. ನಿಮಗೂ ಉದ್ದಕ್ಕೆ ಬರೆಯುತ್ತಿರುವುದು ಅದಕ್ಕೇ.

ಈಗ ಒಳಗೆ ಆಗಿರುವುದೇನು ಅಂತ ನೋಡೋಣ. ಚಿಕ್ಕಂದಿನಲ್ಲಿ ನಿಮಗೆ ಸೀತಾಳೆ ಬಂದಿರುತ್ತದೆ. ಕೆಲವರು 'ಅಮ್ಮ ಬಂದಿದೆ' ಅನ್ನುತ್ತಾರಲ್ಲ, ಅದು. ಚಿಕನ್ ಪಾಕ್ಸ್. ಗುಳ್ಳೆ ಹೋದರೂ ಆ ವೈರಸ್ ಮೈಯಿಂದ ಹೊರಗೆ ಹೋಗುವುದಿಲ್ಲ. ಬೆನ್ನುಮೂಳೆಯ ಪಕ್ಕದಲ್ಲಿ ನರಗಳು ಗಂಟು ಕಟ್ಟಿಕೊಂಡಿರುವ ಜಾಗಗಳಿವೆ. ಅಲ್ಲಿ ಹೋಗಿ ಮಲಗುತ್ತದೆ. ಐವತ್ತು ಅರವತ್ತು ವರ್ಷ ಸುಮ್ನೆ ಇರುತ್ತದೆ. ವಯಸ್ಸಾಗಿ ಮೈಯ ಕಾವಲು ಸಡಿಲವಾದಾಗ ಏಳುತ್ತದೆ. ಎದ್ದ ವೈರಸ್ ಒಂದು ನರದ ದಾರಿ ಹಿಡಿದು ಚರ್ಮಕ್ಕೆ ಬರುತ್ತದೆ. ಆ ನರ ಎಲ್ಲೆಲ್ಲಿ ಹರಡಿದೆಯೋ ಅಲ್ಲೆಲ್ಲ ಗುಳ್ಳೆ.

ಇದನ್ನು ತಾಳ್ಮೆಯಿಂದ ಲೆಕ್ಕ ಇಟ್ಟು ತೋರಿಸಿದವರು ಇಂಗ್ಲೆಂಡಿನ ಸೈರನ್ಸೆಸ್ಟರ್ ಎಂಬ ಊರಿನಲ್ಲಿ ದವಾಖಾನೆ ನಡೆಸುತ್ತಿದ್ದ ಡಾಕ್ಟರ್ ಎಡ್ಗರ್ ಹೋಪ್-ಸಿಂಪ್ಸನ್. ತಮ್ಮ ಬಳಿ ಬಂದ ಸರ್ಪಸುತ್ತಿನವರ ವಿವರವನ್ನು 16 ವರ್ಷ ಬರೆದಿಟ್ಟು 1965ರಲ್ಲಿ ಪ್ರಕಟಿಸಿದರು. ಒಬ್ಬ ಸಣ್ಣ ಊರಿನ ಡಾಕ್ಟರ್ ಬರೀ ನೋಟ್‌ಪುಸ್ತಕ ಇಟ್ಟುಕೊಂಡು ಇಷ್ಟು ಮಾಡಿದ್ದನ್ನು ನೆನೆದರೆ ನನಗೆ ಈಗಲೂ ಗೌರವ ಬರುತ್ತದೆ.

ನರ ಒಂದೇ ಬದಿಯಲ್ಲಿ ಸಾಗುತ್ತದೆ. ಬೆನ್ನಿನ ನಡುವಿನಿಂದ ಹೊರಟು ಎದೆಯ ನಡುವಿಗೆ ಬಂದು ನಿಲ್ಲುತ್ತದೆ. ಆದ್ದರಿಂದಲೇ ನಿಮಗೆ ಬಲಗಡೆ ಮಾತ್ರ ಆಗಿದೆ. ಹಾವಿನ ತಲೆ ಬಾಲ ಕೂಡಿದರೆ ಜೀವಕ್ಕೆ ಅಪಾಯ ಅನ್ನುವ ಮಾತು ನಮ್ಮ ಕಡೆ ಎಲ್ಲರೂ ಕೇಳಿದ್ದೇವೆ. ಒಂದು ನರದ ಗುಳ್ಳೆ ಮೈ ಸುತ್ತ ಪೂರ್ತಿ ಸುತ್ತು ಹಾಕುವುದಿಲ್ಲ. ಆ ಹೆದರಿಕೆ ಬಿಡಿ. ಕಣ್ಣು, ಮೂಗಿನ ತುದಿ, ಕಿವಿಯ ಸುತ್ತ ಗುಳ್ಳೆ ಎದ್ದರಂತೂ ಅದೇ ದಿನ ಆಸ್ಪತ್ರೆಗೆ ಓಡಲೇಬೇಕು, ದೃಷ್ಟಿ ಹೋಗಬಹುದು, ಕಿವಿ ಕೇಳದಂತಾಗಬಹುದು, ಮುಖ ಸೊಟ್ಟ ಆಗಬಹುದು. ಇದು ನಿಮಗಲ್ಲ, ಇದನ್ನು ಓದುವ ಬೇರೆಯವರಿಗೆ.

ವೈರಸ್ ನರದೊಳಗೆ ಹಾದುಬರುವಾಗ ಅಲ್ಲಿ ಬಾವು ಬರುತ್ತದೆ, ನರದ ಎಳೆಗಳು ಹಾಳಾಗುತ್ತವೆ. ಮನೆಯಲ್ಲಿ ವಯರಿಂಗ್ ಸುಟ್ಟಿದ್ದನ್ನು ನೋಡಿದ್ದೀರಲ್ಲ? ಬೆಂಕಿ ಆರಿಸಿಯಾಯಿತು. ಆದರೆ ವಯರಿನ ಮೇಲಿನ ಪ್ಲಾಸ್ಟಿಕ್ ಕರಗಿ ತಂತಿ ಬಿಟ್ಟುಕೊಂಡಿದೆ. ಆಮೇಲೆ ಸ್ವಿಚ್ ಹಾಕದಿದ್ದರೂ ಕಿಡಿ ಹಾರುತ್ತದೆ. ನಿಮ್ಮ ನರದ ಕಥೆಯೂ ಹಾಗೇ. ಯಾರೂ ಚುಚ್ಚದಿದ್ದರೂ 'ಚುಚ್ಚಿದರು' ಅಂತ ಮೆದುಳಿಗೆ ಸುದ್ದಿ ಕಳಿಸುತ್ತಿದೆ. ಸ್ವೆಟರ್ ತಾಗಿದ್ದನ್ನು 'ಸುಟ್ಟಿತು' ಅಂತ ಹೇಳುತ್ತಿದೆ. ತಿಂಗಳುಗಟ್ಟಲೆ ಅದೇ ಸುದ್ದಿ ಕೇಳಿ ಕೇಳಿ ಬೆನ್ನುಹುರಿಯೂ ಸಣ್ಣದಕ್ಕೆಲ್ಲ ಬೆಚ್ಚುವುದನ್ನು ಕಲಿತುಬಿಡುತ್ತದೆ.

ಅಂಗಡಿಯ ನೋವಿನ ಮಾತ್ರೆ ಯಾಕೆ ನಾಟುತ್ತಿಲ್ಲ ಅನ್ನುವುದಕ್ಕೂ ಇದೇ ಉತ್ತರ. ಐಬುಪ್ರೊಫೇನ್, ಡೈಕ್ಲೊಫಿನಾಕ್ ಮುಂತಾದವು ಬಾವು ಇಳಿಸುವ ಮಾತ್ರೆಗಳು. ಈಗ ನಿಮ್ಮಲ್ಲಿ ಇಳಿಸಬೇಕಾದ ಬಾವು ಇಲ್ಲ. ನರದ ನೋವಿಗೆ ಅವು ಹೆಚ್ಚು ಕೆಲಸ ಮಾಡುವುದಿಲ್ಲ. ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆ ಹುಣ್ಣಾಗುತ್ತದೆ, ಕಿಡ್ನಿಗೆ ಪೆಟ್ಟು. ಬಿಪಿ ಮಾತ್ರೆ ತೆಗೆದುಕೊಳ್ಳುವವರಾದರೆ ಇನ್ನೂ ಕಷ್ಟ. ದಯವಿಟ್ಟು ಇವತ್ತೇ ನಿಲ್ಲಿಸಿ. ಇದೊಂದು ಮಾತು ಕೇಳಿದರೂ ನನಗೆ ಸಮಾಧಾನ.

ಇನ್ನು ಗ್ಯಾಬಪೆಂಟಿನ್ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ ಸಾಲು 'ಐದು ದಿನಕ್ಕೆ ಬಿಟ್ಟೆ' ಅನ್ನುವುದು. ಈ ಔಷಧಿ ಸೋತಿತು ಅಂತ ಐದು ದಿನದಲ್ಲಿ ಹೇಳಲು ಬರುವುದಿಲ್ಲ. ತಲೆನೋವಿಗೆ ಮಾತ್ರೆ ನುಂಗಿದರೆ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ, ಅಲ್ವಾ? ಆ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಇದು ಕೆರಳಿದ ನರವನ್ನು ಮೆಲ್ಲಗೆ ಸಮಾಧಾನ ಮಾಡುವ ಔಷಧಿ. ಪ್ರಮಾಣವನ್ನು ಸ್ವಲ್ಪಸ್ವಲ್ಪವೇ ಏರಿಸಬೇಕು. ಮೈ ತಡೆಯುವಷ್ಟು ಏರಿಸಿದ ಮೇಲೆ ಇನ್ನೂ ಎರಡು ವಾರ ಕಾದು ನೋಡಬೇಕು. ಎಲ್ಲ ಸೇರಿ ಆರರಿಂದ ಎಂಟು ವಾರ. ಅಷ್ಟು ದಿನ ಕೊಟ್ಟ ಮೇಲೂ ಆಗಲಿಲ್ಲ ಅಂದರೆ ಆಗ 'ಇದು ನನಗೆ ಆಗುವುದಿಲ್ಲ' ಅನ್ನಬಹುದು.

ತಲೆ ತಿರುಗಿದ್ದಕ್ಕೆ ನಿಮ್ಮನ್ನು ದೂರುವಂತಿಲ್ಲ. ಮೊದಲ ದಿನವೇ ದಿನಕ್ಕೆ ಮೂರು ಅಂದರೆ 67ರ ಮೈಗೆ ಜಾಸ್ತಿ ಆಯಿತು. ನಾನಾದರೆ ನಿಮ್ಮ ವಯಸ್ಸಿನವರಿಗೆ 100 ಮಿಲಿಗ್ರಾಂ, ಹೆಚ್ಚೆಂದರೆ 300, ರಾತ್ರಿ ಮಲಗುವ ಹೊತ್ತಿಗೆ ಒಂದೇ ಒಂದು ಅಂತ ಶುರು ಮಾಡುತ್ತೇನೆ. ಮೂರು ದಿನಕ್ಕೋ ವಾರಕ್ಕೋ ಒಂದು ಮೆಟ್ಟಿಲು ಏರಿಸುತ್ತೇನೆ. ತಲೆ ಭಾರ ಅನ್ನಿಸಿದರೆ ಆ ಮೆಟ್ಟಿಲಿನಲ್ಲೇ ಇನ್ನೊಂದು ವಾರ ನಿಲ್ಲುವುದು. ಹೆಚ್ಚಿನವರಿಗೆ ಈ ತಲೆಸುತ್ತು ಒಂದೆರಡು ವಾರದಲ್ಲಿ ತಾನಾಗಿ ಇಳಿಯುತ್ತದೆ. ಚೆನ್ನಾಗಿ ಗುಣ ಕಾಣಲು ಹಲವರಿಗೆ ದಿನಕ್ಕೆ 1800 ಮಿಲಿಗ್ರಾಂವರೆಗೂ ಬೇಕಾಗುತ್ತದೆ, ಕೆಲವರಿಗೆ ಅದಕ್ಕಿಂತ ಬಹಳ ಕಮ್ಮಿ ಸಾಕು. ಇದೆಲ್ಲ ನಿಮ್ಮ ಡಾಕ್ಟರ ಜೊತೆ ಕೂತು ಮಾಡಬೇಕಾದ ಲೆಕ್ಕ. ಈ ಅಂಕಿ ನೋಡಿಕೊಂಡು ನೀವೇ ಏರಿಸಬೇಡಿ. ಶುರು ಮಾಡುವ ಮೊದಲು ರಕ್ತದಲ್ಲಿ ಕ್ರಿಯಾಟಿನಿನ್ ನೋಡಿಸಿ. ಈ ಔಷಧಿ ಮೈಯಿಂದ ಹೊರಗೆ ಹೋಗುವುದು ಕಿಡ್ನಿಯ ಮೂಲಕ. ನಾಲ್ಕು ತಿಂಗಳು ನೋವಿನ ಮಾತ್ರೆ ನುಂಗಿರುವ ನಿಮಗೆ ಈ ಪರೀಕ್ಷೆ ಬೇಕೇ ಬೇಕು.

ಪ್ರಿಗ್ಯಾಬಲಿನ್ ಇದರದೇ ತಮ್ಮ. ಸ್ವಲ್ಪ ಬೇಗ ಹಿಡಿತಕ್ಕೆ ಬರುತ್ತದೆ. ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳುವಂತಿಲ್ಲ. ಕಾಲು ಊದಿಕೊಳ್ಳುವುದು, ತೂಕ ಏರುವುದು ಎರಡರಲ್ಲೂ ಇದೆ. ನಮ್ಮಲ್ಲಿ ಪ್ರಿಗ್ಯಾಬಲಿನ್ ಜೊತೆ ಮಿಥೈಲ್‌ಕೊಬಾಲಮಿನ್ ಅನ್ನುವ ಬಿ12 ವಿಟಮಿನ್ ಸೇರಿಸಿದ ಮಾತ್ರೆಯೇ ಜಾಸ್ತಿ ಓಡುವುದು. ಬಿ12 ಕಮ್ಮಿ ಇದ್ದವರಿಗೆ ವಿಟಮಿನ್ ಬೇಕು, ಖಂಡಿತ. ಆದರೆ ಜೋಡಿಸಿದ ಮಾತ್ರೆಯಲ್ಲಿ ಪ್ರಮಾಣವನ್ನು ಸ್ವಲ್ಪಸ್ವಲ್ಪವೇ ಏರಿಸುವುದು ಕಷ್ಟ. ಬೇರೆಬೇರೆಯಾಗಿ ಬರೆದುಕೊಡಿ ಅಂತ ಕೇಳಿ. ಕೇಳುವುದು ತಪ್ಪಲ್ಲ.

ಇವು ಒಗ್ಗದವರಿಗೆ ಅಮಿಟ್ರಿಪ್ಟಿಲಿನ್, ನಾರ್‌ಟ್ರಿಪ್ಟಿಲಿನ್ ಅಂತ ಇವೆ. ಹಳೆಯ ಮಾತ್ರೆಗಳು, ಬೆಲೆಯೂ ಕಮ್ಮಿ. ಒಂದು ತೊಡಕು ಏನೆಂದರೆ, ಮನೆಯವರು ಮೊಬೈಲಿನಲ್ಲಿ ಹೆಸರು ಹುಡುಕಿದ ಕೂಡಲೇ 'ಇದು ಡಿಪ್ರೆಶನ್ ಮಾತ್ರೆ' ಅಂತ ಬರುತ್ತದೆ. ಅಲ್ಲಿಗೆ 'ನೋಡಿ, ಡಾಕ್ಟರೂ ಮನಸ್ಸಿನದು ಅಂದರು' ಅಂತ ಶುರುವಾಗುತ್ತದೆ. ಡಿಪ್ರೆಶನ್ನಿಗೆ ಕೊಡುವ ಪ್ರಮಾಣಕ್ಕಿಂತ ಬಹಳ ಕಮ್ಮಿ, ರಾತ್ರಿ 10 ಮಿಲಿಗ್ರಾಂನಿಂದ ಶುರು ಮಾಡಿ ನರಕ್ಕಾಗಿಯೇ ಕೊಡುವುದು ಇದು. ನಿದ್ದೆಯೂ ಚೆನ್ನಾಗಿ ಬರುತ್ತದೆ. ಆದರೆ ಹೃದಯದ ತೊಂದರೆ, ಕಣ್ಣಿನ ಒತ್ತಡ ಏರುವ ಗ್ಲೊಕೋಮಾ, ಮೂತ್ರ ಕಟ್ಟುವ ಪ್ರಾಸ್ಟೇಟ್ ತೊಂದರೆ ಇದ್ದರೆ ಮೊದಲೇ ಹೇಳಬೇಕು. ನಿಮ್ಮ ವಯಸ್ಸಿಗೆ ಒಂದು ಇಸಿಜಿ ತೆಗೆದು ನೋಡಿಯೇ ಕೊಡುವುದು ಒಳ್ಳೆಯದು. ಬಾಯಿ ಒಣಗುತ್ತದೆ, ಮಲಬದ್ಧತೆ ಆಗುತ್ತದೆ. ಪೂರ್ತಿ ಗುಣ ನೋಡಲು ಇದಕ್ಕೂ ಆರೆಂಟು ವಾರ.

ಈ ಮಾತ್ರೆಗಳಲ್ಲಿ ಯಾವುದು ಶುರು ಮಾಡಿದರೂ ನಮ್ಮ ಊರಿನವರು ಪಾಲಿಸಬೇಕಾದ ಮೂರು ಮಾತಿವೆ. ನಾನು ಚೀಟಿ ಬರೆಯುವಾಗ ತಪ್ಪದೆ ಹೇಳುತ್ತೇನೆ. ಪ್ರಮಾಣ ಏರಿಸುತ್ತಿರುವ ವಾರಗಳಲ್ಲಿ ಏಣಿ ಹತ್ತಬೇಡಿ. ಮೆಣಸಿನ ಬಳ್ಳಿ ನೋಡಲೂ ಬೇಡ, ಕೊಂಬೆ ಕಡಿಸಲೂ ಬೇಡ. ಸಿಲ್ವರ್ ಓಕ್ ಮೇಲಿಂದ ಬಿದ್ದವರನ್ನು ನಾನು ಸಾಕಷ್ಟು ನೋಡಿದ್ದೇನೆ. ಮಳೆಗಾಲದ ಇಳಿಜಾರು ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಒಂದು ಊರುಗೋಲು ಕೈಯಲ್ಲಿರಲಿ. ರಾತ್ರಿ ಮೂತ್ರಕ್ಕೆ ಏಳುವಾಗ ಒಂದು ನಿಮಿಷ ಮಂಚದ ಅಂಚಿನಲ್ಲಿ ಕೂತು ಆಮೇಲೆ ಎದ್ದು ನಿಲ್ಲಿ. ಬೆಳಗಿನ ಮಂಪರಿನಲ್ಲಿ ಜೀಪ್ ಓಡಿಸಬೇಡಿ. ಆನೆ ಓಡಾಡುವ ಕಡೆ ತೋಟ ಇದ್ದರೆ ಬೆಳಕು ಹರಿಯುವ ಮುಂಚೆ ಒಬ್ಬರೇ ಹೋಗುವುದೂ ಬೇಡ. ತೂಕಡಿಕೆಯಲ್ಲಿ ಕಣ್ಣು ಕಿವಿ ಚುರುಕಾಗಿರುವುದಿಲ್ಲ.

ಎರಡನೆಯದು ಕುಡಿತ. ನಮ್ಮಲ್ಲಿ ಮದುವೆ, ಹಬ್ಬ, ನೆಂಟರು ಬಂದರು ಅಂದರೆ ಒಂದು ಗ್ಲಾಸು ಇದ್ದದ್ದೇ. ಮಳೆಗಾಲದ ಚಳಿ ಬೇರೆ. ಈ ಔಷಧಿಗಳ ಜೊತೆ ಮದ್ಯ ಸೇರಿದರೆ ಮಂಪರು ದುಪ್ಪಟ್ಟಾಗುತ್ತದೆ, ಉಸಿರು ನಿಧಾನ ಆಗುತ್ತದೆ. ನಿದ್ದೆಯಲ್ಲೇ ಅಪಾಯ ಆಗಬಹುದು. 'ಸ್ವಲ್ಪ ಮಾತ್ರ' ಅನ್ನುವ ಲೆಕ್ಕವೂ ಬೇಡ. ಮಾತ್ರೆ ನಡೆಯುವಷ್ಟು ದಿನ ಪೂರ್ತಿ ದೂರ ಇಡಿ. ನೆಂಟರಿಗೆ ನನ್ನ ಹೆಸರು ಹೇಳಿ, 'ಡಾಕ್ಟ್ರು ಬೇಡ ಅಂದಿದ್ದಾರೆ' ಅನ್ನಿ.

ಮೂರನೆಯದು, ನೋವು ಇಳಿದ ಖುಷಿಯಲ್ಲಿ ಒಂದೇ ಸಲಕ್ಕೆ ನಿಲ್ಲಿಸಬೇಡಿ. ಏರಿಸಿದ ಹಾಗೆಯೇ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು.

ಹಚ್ಚುವ ಔಷಧಿಯೂ ಇದೆ. ನಿಮಗೆ ನೋವಿನ ಜಾಗ ಇಷ್ಟೇ ಅಂತ ಕೈಯಿಟ್ಟು ತೋರಿಸಲು ಬರುತ್ತದೆ, ಆದ್ದರಿಂದ ಲಿಡೊಕೇನ್ 5 ಪರ್ಸೆಂಟ್ ಪ್ಯಾಚ್ ಒಳ್ಳೆಯ ಆಯ್ಕೆ. ರಕ್ತಕ್ಕೆ ಸೇರುವುದು ಬಹಳ ಕಮ್ಮಿ, ತಲೆ ತಿರುಗುವುದಿಲ್ಲ. ಗಾಯ ಇಲ್ಲದ, ಪೂರ್ತಿ ಮಾಯ್ದ ಚರ್ಮದ ಮೇಲೆ ಅಂಟಿಸಬೇಕು. 12 ಗಂಟೆ ಇಟ್ಟು, ಮುಂದಿನ 12 ಗಂಟೆ ತೆಗೆದಿಡಬೇಕು. ಒಂದು ಸಲಕ್ಕೆ ಮೂರಕ್ಕಿಂತ ಜಾಸ್ತಿ ಬೇಡ. ಅದರ ಮೇಲೆ ಬಿಸಿನೀರಿನ ಬ್ಯಾಗ್ ಇಡಲೇಬಾರದು. ಸಣ್ಣ ಊರಿನ ಮೆಡಿಕಲ್‌ಗಳಲ್ಲಿ ಯಾವಾಗಲೂ ಇರುವುದಿಲ್ಲ, ಹೇಳಿ ತರಿಸಬೇಕು. ಬೆಲೆ ಜಾಸ್ತಿ. ಆದರೆ ಸ್ವೆಟರ್ ಹಾಕಿಕೊಳ್ಳುವ ಹಗಲು ಹೊತ್ತಿಗೆ ಮಾತ್ರ ಅಂತ ಬಳಸಿದರೂ ನಿಮಗೆ ದೊಡ್ಡ ನೆಮ್ಮದಿ.

ಇನ್ನೊಂದು ಮುಲಾಮು ಮೆಣಸಿನಕಾಯಿಯದು. ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ನೋವಿನ ನರದ ತುದಿಯನ್ನು ಮೊದಲು ಕೆರಳಿಸಿ, ಆಮೇಲೆ ದಣಿಸಿ ಸುಮ್ಮನಾಗಿಸುತ್ತದೆ. ಈ ಖಾರ ನರಕ್ಕೆ ಹೇಗೆ ಗೊತ್ತಾಗುತ್ತದೆ ಅಂತ ಕಂಡುಹಿಡಿದದ್ದಕ್ಕೇ ಡೇವಿಡ್ ಜೂಲಿಯಸ್ ಅವರಿಗೆ 2021ರ ವೈದ್ಯಕೀಯ ನೊಬೆಲ್‌ನಲ್ಲಿ ಪಾಲು ಸಿಕ್ಕಿದ್ದು. ಕ್ರೀಮ್ ದಿನಕ್ಕೆ ಮೂರುನಾಲ್ಕು ಸಲ ಹಚ್ಚಬೇಕು, ಮೊದಲ ದಿನಗಳಲ್ಲಿ ಚೆನ್ನಾಗಿ ಉರಿಯುತ್ತದೆ, ಹಲವರು ಅಲ್ಲಿಗೇ ಬಿಡುತ್ತಾರೆ. ಹಾಗಾಗಿ ನಾನು ಇದನ್ನು ಮೊದಲಿಗೆ ಬರೆಯುವುದಿಲ್ಲ. ಇದನ್ನು ಓದಿ ಯಾರೂ ಹಿತ್ತಿಲಿನ ಗಾಂಧಾರಿ ಮೆಣಸು ಅರೆದು ಹಚ್ಚಿಕೊಳ್ಳಬೇಡಿ. ಚರ್ಮ ಸುಟ್ಟು ಹೋಗುತ್ತದೆ.

ಬಟ್ಟೆಯ ಬಗ್ಗೆ ಕೇಳಿದ್ದೀರಿ. ಮಳೆಗಾಲದಲ್ಲಿ ಬೆಚ್ಚಗಿರಲೂ ಬೇಕು, ಉಣ್ಣೆ ಮೈಗೆ ತಾಗಲೂ ಬಾರದು. ಒಂದು ವಿಷಯ ಗಮನಿಸಿ. ಈ ನೋವಿನಲ್ಲಿ ಮೆಲ್ಲಗೆ ಉಜ್ಜುವುದು, ಸವರುವುದು ಹೆಚ್ಚು ಕಾಡುತ್ತದೆ. ಒಂದೇ ಸಮನೆ ಬಿಗಿಯಾಗಿ ಒತ್ತಿ ಹಿಡಿದರೆ ಹಲವರಿಗೆ ಹಾಯೆನಿಸುತ್ತದೆ. ನೀವೂ ಅಂಗೈಯನ್ನು ಆ ಜಾಗದ ಮೇಲೆ ಗಟ್ಟಿಯಾಗಿ ಒತ್ತಿ ನೋಡಿ. ಹಾಯೆನಿಸಿದರೆ ಮೈಗೆ ಸರಿಯಾಗಿ ಹಿಡಿದು ಕೂರುವ ಹತ್ತಿ ಬನಿಯನ್ ಹಾಕಿ, ಜೋಲು ಬನಿಯನ್ ಬೇಡ. ಒಗೆದು ಒಗೆದು ಮೆತ್ತಗಾದ ಹಳೆ ಪಂಚೆಯನ್ನು ಅಗಲ ಪಟ್ಟಿಯಾಗಿ ಸುತ್ತಿಕೊಂಡರೂ ಆಗುತ್ತದೆ. ಕೆಲವರಿಗೆ ರೇಷ್ಮೆ ಹಿಡಿಸುತ್ತದೆ. ಅಡುಗೆಮನೆಯಲ್ಲಿ ತಟ್ಟೆ ಮುಚ್ಚುವ ತೆಳು ಪ್ಲಾಸ್ಟಿಕ್ ಹಾಳೆ ಇದೆಯಲ್ಲ, ಅದನ್ನು ಒಂದು ಸುತ್ತು ಹಾಕಿ ಮೇಲೆ ಬಟ್ಟೆ ಹಾಕಿಕೊಂಡವರೂ ಇದ್ದಾರೆ. ಬಟ್ಟೆ ಅದರ ಮೇಲೆ ಜಾರುತ್ತದೆ, ಚರ್ಮಕ್ಕೆ ಉಜ್ಜುವುದಿಲ್ಲ. ಬೆವರಿದರೆ ತೆಗೆಯಬೇಕು. ಇದರ ಮೇಲೆ ಸ್ವೆಟರ್. ತಲೆಯಿಂದ ಎಳೆದು ಹಾಕುವುದು ಬೇಡ, ಎದುರಿಗೆ ಗುಂಡಿ ಇರುವುದು ಇರಲಿ. ಹಾಕುವಾಗ ತೆಗೆಯುವಾಗಲೇ ಉಜ್ಜುವುದು ಜಾಸ್ತಿ. ಮಳೆಯಲ್ಲಿ ಒಣಗದ ಬಟ್ಟೆ ಗಡುಸಾಗಿರುತ್ತದೆ. ಒಲೆ ಹತ್ತಿರ ಒಣಗಿಸಿ, ಕೈಯಲ್ಲಿ ಉಜ್ಜಿ ಮೆತ್ತಗೆ ಮಾಡಿ ಹಾಕಿ.

ಹಂಡೆಯ ಸುಡುನೀರನ್ನು ಆ ಜಾಗಕ್ಕೆ ಸುರಿಯಬೇಡಿ. ಮರಗಟ್ಟಿದ ಕಡೆ ಬಿಸಿ ಗೊತ್ತಾಗದೆ ಚರ್ಮ ಸುಡಬಹುದು. ಬೆಂಕಿ ಕಾಯಿಸುವಾಗಲೂ ಅಷ್ಟೇ. ತಣ್ಣನೆಯ ಪಟ್ಟಿ ಕೆಲವರಿಗೆ ಹಿತ, ಕೆಲವರಿಗೆ ಅದೇ ನೋವು. ಬಟ್ಟೆಯಲ್ಲಿ ಸುತ್ತಿ ಐದು ನಿಮಿಷ ಇಟ್ಟು ನೋಡಿ. ಹಿಡಿಸದಿದ್ದರೆ ಬಿಡಿ.

ಎಷ್ಟು ಗುಣ ಆಗುತ್ತದೆ ಅಂತ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಔಷಧಿಯಿಂದ ನೋವು ಪೂರ್ತಿ ಸೊನ್ನೆಗೆ ಇಳಿಯುವುದು ಎಲ್ಲರಿಗೂ ಆಗುವುದಿಲ್ಲ. ಅರ್ಧ ಇಳಿದರೆ ಔಷಧಿ ಗೆದ್ದಿತು ಅಂತಲೇ ನಾವು ಲೆಕ್ಕ ಹಾಕುತ್ತೇವೆ. ರಾತ್ರಿ ಆರು ಗಂಟೆ ನಿದ್ದೆ, ಮೈ ಮೇಲೆ ಅಂಗಿ, ತೋಟದಲ್ಲಿ ಒಂದು ಸುತ್ತು. ಮೊದಲು ಇಷ್ಟು ಗಿಟ್ಟಿಸೋಣ. ಉಳಿದದ್ದನ್ನು ಕಾಲ ಮಾಡುತ್ತದೆ. ಹೆಚ್ಚಿನವರಲ್ಲಿ ತಿಂಗಳು ಕಳೆದಂತೆ ಈ ನೋವು ತಾನಾಗಿಯೂ ಇಳಿಯುತ್ತಾ ಹೋಗುತ್ತದೆ. ವರ್ಷ ದಾಟುವವರು ಇದ್ದಾರೆ, ಆದರೆ ಅವರು ಕಮ್ಮಿ.

ಇಳಿಯುತ್ತಿದೆಯೋ ಇಲ್ಲವೋ ಅಂತ ನೆನಪಿನಿಂದ ಹೇಳಲು ಆಗುವುದಿಲ್ಲ. ನಿನ್ನೆ ರಾತ್ರಿ ನೋವಾಗಿದ್ದರೆ ಇಡೀ ತಿಂಗಳು ನೋವಿತ್ತು ಅನ್ನಿಸುತ್ತದೆ. ನಿಮ್ಮ ಕಡೆ ತೋಟದವರ ಮನೆಯಲ್ಲಿ ಮಳೆ ಅಳೆಯುವ ಪುಸ್ತಕ ಇದ್ದೇ ಇರುತ್ತದೆ. ಬೆಳಿಗ್ಗೆ ಎದ್ದು ಎಷ್ಟು ಇಂಚು, ಎಷ್ಟು ಸೆಂಟ್ ಅಂತ ಬರೆಯುತ್ತೀರಿ. ಅದರ ಪಕ್ಕದಲ್ಲೇ ಇನ್ನೊಂದು ಗೆರೆ ಹಾಕಿ. ನಿನ್ನೆಯ ನೋವಿಗೆ 10ರಲ್ಲಿ ಎಷ್ಟು ಅಂಕ, ರಾತ್ರಿ ಎಷ್ಟು ಗಂಟೆ ನಿದ್ದೆ, ಎಷ್ಟು ಮಾತ್ರೆ. ಇಷ್ಟು ಸಾಕು. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಆ ಪುಸ್ತಕವನ್ನೇ ತೆಗೆದುಕೊಂಡು ಹೋಗಿ. 8 ಇದ್ದದ್ದು 5ಕ್ಕೆ ಬಂದಿದೆ ಅಂತ ಅದರಲ್ಲಿ ಕಾಣುತ್ತದೆ. ಜೂನ್‌ನಲ್ಲಿ ಶುರು ಮಾಡಿದರೆ ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬದ ಹೊತ್ತಿಗೆ ಎರಡು ಔಷಧಿಗಳನ್ನಾದರೂ ಸರಿಯಾಗಿ ಪರೀಕ್ಷಿಸಿ ನೋಡಿರಬಹುದು.

ನಡುವೆ ಆಗಸ್ಟ್ ಮೊದಲಲ್ಲಿ ಕೊಡಗಿನ ಕಕ್ಕಡ 18ರ ಹಬ್ಬ ಬರುತ್ತದೆ. ಮದ್ದು ಸೊಪ್ಪಿನ ಪಾಯಸ ಖುಷಿಯಿಂದ ತಿನ್ನಿ. ಮಾರನೇ ದಿನ ಮೂತ್ರ ಕೆಂಪಾದರೆ ಅದು ಸೊಪ್ಪಿನ ಬಣ್ಣ, ಪ್ರತಿ ವರ್ಷ ಆಗುವಂಥದ್ದೇ. ಹೊಸ ಮಾತ್ರೆಯಿಂದ ಆಯಿತು ಅಂದುಕೊಂಡು ಮಾತ್ರೆ ಬಿಡಬೇಡಿ. ಎರಡು ದಿನ ಕಳೆದೂ ಕೆಂಪಾಗಿಯೇ ಇದ್ದರೆ ಮಾತ್ರ ತೋರಿಸಿ.

ನಿಮ್ಮ ಮನೆಯವರು ಕುಕ್ಕೆಗೆ ಹೋಗೋಣ ಅಂದಿದ್ದಾರೆ. ಹೋಗಿ ಬನ್ನಿ. ನಾಲ್ಕು ತಿಂಗಳು ನಿಮ್ಮ ನರಳಾಟ ನೋಡಿದ ಜೀವ ಅದು, ಅವರಿಗೂ ಸಮಾಧಾನ ಬೇಕು. ಮಾತ್ರೆ ಜೇಬಿನಲ್ಲಿರಲಿ, ಹೊತ್ತಿಗೆ ಸರಿಯಾಗಿ ನುಂಗಿ. ನಾಟಿ ಲೇಪದ ವಿಷಯದಲ್ಲಿ ಮಾತ್ರ ನನಗೆ ಸಂಕಟ ಇದೆ. ಲೇಪ ತಂಪು ಕೊಟ್ಟಿರಬಹುದು. ಆದರೆ ಆ ಒಂದು ವಾರ ಹೋಯಿತಲ್ಲ. ಅಸೈಕ್ಲೊವಿರ್, ವ್ಯಾಲಸೈಕ್ಲೊವಿರ್ ಅನ್ನುವ ವೈರಸ್ ತಡೆಯುವ ಮಾತ್ರೆಗಳನ್ನು ಗುಳ್ಳೆ ಎದ್ದ 72 ಗಂಟೆಯೊಳಗೆ ಶುರು ಮಾಡಿದರೆ ಗುಳ್ಳೆ ಬೇಗ ಒಣಗುತ್ತದೆ, ಆಗಿನ ನೋವೂ ಬೇಗ ತಗ್ಗುತ್ತದೆ. ಆಗ ತೆಗೆದುಕೊಂಡಿದ್ದರೆ ಈ ಉರಿ ಬರುತ್ತಲೇ ಇರಲಿಲ್ಲ ಅಂತ ಹೇಳಲಾರೆ, ಕೆಲವರಿಗೆ ತೆಗೆದುಕೊಂಡ ಮೇಲೂ ಬರುತ್ತದೆ. ಹಾಗಾಗಿ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಈಗ ಆ ಮಾತ್ರೆಯಿಂದ ಪ್ರಯೋಜನ ಇಲ್ಲ. ಆದರೆ ನಿಮ್ಮ ತೋಟದ ಕೆಲಸದವರ ಲೈನ್ ಮನೆಯಲ್ಲಿ, ಅಕ್ಕಪಕ್ಕದಲ್ಲಿ ಯಾರಿಗಾದರೂ ಒಂದೇ ಬದಿಗೆ ಉರಿ ಬಂದು ಗುಳ್ಳೆ ಸಾಲು ಎದ್ದರೆ ಅದೇ ದಿನ ಆಸ್ಪತ್ರೆಗೆ ಕಳಿಸಿ. ಕೊಯ್ಲು ಇದ್ದರೂ ಕಳಿಸಿ.

ಲಸಿಕೆ ಇರುವುದು ನಿಜ. ಶಿಂಗ್ರಿಕ್ಸ್ ಅಂತ, ಭಾರತದಲ್ಲಿ 2023ರಿಂದ ಸಿಗುತ್ತಿದೆ. 50 ದಾಟಿದವರಿಗೆ ಎರಡು ಡೋಸ್, ನಡುವೆ ಎರಡರಿಂದ ಆರು ತಿಂಗಳ ಅಂತರ. ಸರ್ಪಸುತ್ತು ಬರದಂತೆ ತಡೆಯುವುದರಲ್ಲಿ ಬಹಳ ಒಳ್ಳೆಯದು. ಪರೀಕ್ಷೆಗಳಲ್ಲಿ 70 ದಾಟಿದವರಲ್ಲೂ ಸುಮಾರು 90 ಪರ್ಸೆಂಟ್ ತಡೆದಿದೆ. ಆದರೆ ಈಗಾಗಲೇ ಬಂದಿರುವ ನೋವನ್ನು ಅದು ಇಳಿಸುವುದಿಲ್ಲ. ಮುಂದೆ ಮತ್ತೊಮ್ಮೆ ಸರ್ಪಸುತ್ತು ಬರದಿರಲಿ ಅಂತ ನೀವೂ ಹಾಕಿಸಿಕೊಳ್ಳಬಹುದು, ಅವಸರ ಇಲ್ಲ. ಬೆಲೆ ಜಾಸ್ತಿ ಇದೆ. ಕೈಯಲ್ಲಿರುವ ದುಡ್ಡಿಗೆ ಒಬ್ಬರಿಗೇ ಆಗುತ್ತದೆ ಅಂದರೆ ಮೊದಲು ನಿಮ್ಮ ಹೆಂಡತಿಗೆ ಹಾಕಿಸಿ ಅನ್ನುತ್ತೇನೆ.

ಎರಡು ಮೂರು ಔಷಧಿ ಸರಿಯಾಗಿ ನೋಡಿದ ಮೇಲೂ ನಿದ್ದೆ ಇಲ್ಲ ಅಂತಾದರೆ ಮೈಸೂರು, ಮಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ನೋವಿನ ಚಿಕಿತ್ಸೆಗೇ ಇರುವ ಡಾಕ್ಟರ ಹತ್ತಿರ ಹೋಗಬೇಕು. ಪಕ್ಕೆಲುಬಿನ ನಡುವಿನ ನರಕ್ಕೆ ಇಂಜೆಕ್ಷನ್ ಕೊಡುವ ವಿಧಾನಗಳು ಅವರಿಗೆ ಗೊತ್ತು. ಟ್ರಾಮಡಾಲ್‌ನಂಥ ಬಲವಾದ ಮಾತ್ರೆಗಳು ಅಭ್ಯಾಸ ಆಗಿಬಿಡುತ್ತವೆ, ಅವನ್ನು ಕೊನೆಗಿಡುತ್ತೇವೆ. ಎದೆಯ ನೋವು ಎಂದಿನಂತಿಲ್ಲ, ಬೆವರು ಬರುತ್ತಿದೆ, ಉಸಿರು ಕಟ್ಟುತ್ತಿದೆ ಅನ್ನಿಸಿದರೆ ಅದನ್ನು ಸರ್ಪಸುತ್ತಿನ ಲೆಕ್ಕಕ್ಕೆ ಹಾಕಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ.

ನಿದ್ದೆ ಇಲ್ಲದೆ ನಾಲ್ಕು ತಿಂಗಳು ಕಳೆದರೆ ಯಾರ ಮನಸ್ಸಾದರೂ ಕುಗ್ಗುತ್ತದೆ. ನೋವು ಮನಸ್ಸಿನಿಂದ ಹುಟ್ಟಿದ್ದಲ್ಲ, ಆದರೆ ಮನಸ್ಸಿಗೂ ಪೆಟ್ಟು ಕೊಡುತ್ತದೆ. 'ಇಷ್ಟು ಕಷ್ಟಪಟ್ಟು ಬದುಕಿರುವುದು ಯಾಕೆ' ಅನ್ನುವ ಯೋಚನೆ ಒಮ್ಮೆ ಬಂದರೂ ಮನೆಯವರಿಗೆ ಹೇಳಿ, ಡಾಕ್ಟರಿಗೆ ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ನಿಮ್ಮ ಮಗನಿಗೆ ನನ್ನದೊಂದು ಕೋರಿಕೆ. ಅಪ್ಪನ ಹತ್ತಿರ ಹದಿನೈದು ನಿಮಿಷ ಕೂತು, ಎಲ್ಲಿ ತಾಗಿದರೆ ಹೇಗಾಗುತ್ತದೆ ಅಂತ ಕೇಳಿ. ಮಳೆ ಪುಸ್ತಕದ ಆ ಗೆರೆಯನ್ನು ನೀವೇ ಹಾಕಿಕೊಡಿ.

ಕೊನೆಗೆ ಮೊಮ್ಮಗಳು. ಗುಳ್ಳೆಯಲ್ಲಿ ನೀರು ತುಂಬಿದ್ದಾಗ ನೀವು ಎತ್ತಿಕೊಂಡಿದ್ದರೆ ಮಗುವಿಗೆ ಸೀತಾಳೆ ಬರುವ ಸಾಧ್ಯತೆ ಇತ್ತು. ಗುಳ್ಳೆ ಒಣಗಿ ಹಕ್ಕಳೆ ಕಟ್ಟಿದ ಮೇಲೆ ಹರಡುವುದಿಲ್ಲ. ಈಗ ಉಳಿದಿರುವುದು ಬರೀ ನರದ ನೋವು, ಅದು ಯಾರಿಗೂ ಅಂಟುವುದಿಲ್ಲ. ಎತ್ತಿಕೊಳ್ಳಿ, ಒಟ್ಟಿಗೆ ಊಟ ಮಾಡಿ, ಪಕ್ಕದಲ್ಲಿ ಮಲಗಿಸಿಕೊಳ್ಳಿ. ಎರಡು ವರ್ಷದ ಮಗು ಕಾಲು ಝಾಡಿಸುತ್ತದೆ, ಓಡಿ ಬಂದು ಎದೆಗೆ ಬೀಳುತ್ತದೆ. ಅವಳು ಬರುವ ಹೊತ್ತಿಗೆ ಒಂದು ಪ್ಯಾಚ್ ಅಂಟಿಸಿಕೊಂಡಿರಿ, ಮೇಲೆ ಬಿಗಿ ಬನಿಯನ್ ಇರಲಿ. ನಿಂತು ಎತ್ತುವುದಕ್ಕಿಂತ ಜಗಲಿಯಲ್ಲಿ ಕೂತು, ನಿಮ್ಮ ಎಡಗಡೆಗೆ ಕೂರಿಸಿಕೊಳ್ಳಿ.